ಸ್ತ್ರೀಪುರುಷರ ಮಿದುಳೂ ದಾಂಪತ್ಯವೂ

"ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ" ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಕೇಳದವರು ವಿರಳ. ಈಗ ಗಾದೆಯನ್ನು ಬಿಟ್ಟವರು ಶಾಸ್ತ್ರದ ಹೆಸರನ್ನು ಹಿಡಿದಿದ್ದಾರೆ. ಗಂಡಸಿನ ಮಿದುಳೇ ಬೇರೆ, ಹೆಂಗಸಿನ ಮಿದುಳೇ ಬೇರೆ. ಆದುದರಿಂದ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯತಕ್ಕದ್ದೇ ಅಲ್ಲವೆಂದು ಹೇಳುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟೆಂಬುದನ್ನು ವಿಚಾರಮಾಡುವುದು ಗೃಹಸ್ಥರಿಗೆ ಅವಶ್ಯಕವೆಂದು ನಾವು ಭಾವಿಸುತ್ತೇವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ವೈದ್ಯಪಂಡಿತನಾದ ಪಾಲ್ ಬ್ರೋಕಾ ಎಂಬಾತನು ಮೃತರ ಮಿದುಳುಗಳನ್ನು ತೂಗಿ ನೋಡಿದನು. 292 ಮಂದಿ ಗಂಡಸರ ಮಿದುಳಿನ ಸರಾಸರಿ ತೂಕ 1,325 ಗ್ರಾಂ. 140 ಮಂದಿ ಹೆಂಗಸರದು 1,144 ಗ್ರಾಂ. ಸಣ್ಣ ಶರೀರದಲ್ಲಿ ಮಿದುಳೂ ಸಣ್ಣದಾಗಿರುವುದು ಸಹಜವೆಂದು ಆತನೂ ಬಲ್ಲನು. ಆದರೂ ಈ ವ್ಯತ್ಯಾಸದಲ್ಲಿ ಬುದ್ಧಿಯ ಕೊರತೆಗೂ ಪಾಲುಂಟೆಂದು ಬಗೆದನು. ತೂಕವೇ ಬುದ್ಧಿಯಾಗಿದ್ದರೆ, ನಮಗಿಂತ ಮೂರು ಪಾಲು ಭಾರದ ಮಿದುಳುಳ್ಳ ಆನೆಯೇ ಮಹಾಪಂಡಿತನೆನಿಸಬೇಕಾಗಿತ್ತು!

ಜೀವಂತರ ಮಿದುಳಿನ ಚಿತ್ರವನ್ನು ತೆಗೆಯುವ ಯಂತ್ರಗಳು ಬಂದ ಮೇಲೆ ವಿಚಾರವು ಇನ್ನಷ್ಟು ಸ್ಪಷ್ಟವಾಗಿದೆ. ಸರಾಸರಿಯನ್ನು ನೋಡಿದರೆ ಕೆಲವು ಭೇದಗಳು ಇರುವುದು ನಿಜ. ಆದರೆ 2015ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಡಾಫ್ನಾ ಜೋಯಲ್ ಎಂಬ ವಿದುಷಿಯೂ ಸಂಗಡಿಗರೂ 1,400ಕ್ಕೂ ಹೆಚ್ಚು ಮಿದುಳುಗಳ ಚಿತ್ರಗಳನ್ನು ಪರಿಶೀಲಿಸಿದಾಗ, ಎಲ್ಲ ಭಾಗಗಳೂ ಒಂದೇ ಕಡೆಗೆ ವಾಲಿದ ಮಿದುಳುಗಳು ಬಹು ಸ್ವಲ್ಪವೇ ದೊರೆತವು. ಗಂಡಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳೂ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಲಕ್ಷಣಗಳೂ ಬಹುಜನರಲ್ಲಿ ಬಣ್ಣಬಣ್ಣದ ಚೂರುಗಳಂತೆ ಬೆರೆತಿದ್ದುವು.

ಹೆಂಗಸರು ವಾಚಾಳಿಗಳೆಂಬ ಅಪವಾದವನ್ನೂ ಪಂಡಿತರು ಪರೀಕ್ಷಿಸದೆ ಬಿಡಲಿಲ್ಲ. 396 ಮಂದಿ ವಿದ್ಯಾರ್ಥಿಗಳ ಮಾತನ್ನು ಯಂತ್ರದಿಂದ ಮುದ್ರಿಸಿಕೊಂಡು ಲೆಕ್ಕಹಾಕಿದ ಫಲವು 2007ರಲ್ಲಿ ಪ್ರಕಟವಾಯಿತು. ದಿನವೊಂದಕ್ಕೆ ಇಬ್ಬರೂ ಸುಮಾರು 16,000 ಮಾತುಗಳನ್ನೇ ಆಡುತ್ತಿದ್ದರು!

ದಾಂಪತ್ಯಕ್ಕೆ ಇನ್ನೂ ಹತ್ತಿರವಾದುದು 2001ರಲ್ಲಿ ಅಮೆರಿಕಾ ದೇಶದಲ್ಲಿ ಪ್ರಕಟವಾದ ಒಂದು ಪರೀಕ್ಷೆ. ಪರರ ಮನಸ್ಸಿನ ಭಾವವನ್ನು ಊಹಿಸುವುದರಲ್ಲಿ ಹೆಂಗಸರದೇ ಮೇಲುಗೈಯೆಂದು ಸಾಮಾನ್ಯವಾಗಿ ಹೇಳುವುದುಂಟಷ್ಟೆ. ಸರಿಯಾಗಿ ಊಹಿಸಿದವರಿಗೆ ಹಣ ಕೊಡುವೆವೆಂದು ತಿಳಿಸಿದಾಗ ಇಬ್ಬರ ಊಹೆಯೂ ಚುರುಕಾಯಿತು. ನಡುವಣ ಅಂತರವು ಅಳಿದುಹೋಯಿತು. ಅಂದ ಮೇಲೆ ಗಂಡಸಿಗೆ ಕೊರತೆಯಾಗಿದ್ದುದು ಶಕ್ತಿಯಲ್ಲ, ಗಮನ.

ಸಂಜೆ ಮನೆಗೆ ಬಂದ ಯಜಮಾನನು ಹೆಂಡತಿಯ ಬಾಡಿದ ಮುಖವನ್ನು ಕಾಣದೆ ಹೋದರೆ ಆ ತಪ್ಪನ್ನು ಮಿದುಳಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾಗೆಯೇ "ಗಂಡಸರಿಗೆ ಹೇಳಿ ಏನು ಫಲ?" ಎಂದು ಗೃಹಿಣಿಯು ತನ್ನ ದುಃಖವನ್ನು ನುಂಗಿಕೊಳ್ಳುವುದೂ ಸರಿಯಲ್ಲ. ಮೊದಲನೆಯದರಿಂದ ಒಬ್ಬರ ಬೇನೆ ಬೆಳೆಯುತ್ತದೆ. ಎರಡನೆಯದರಿಂದ ಇನ್ನೊಬ್ಬರಿಗೆ ತಿಳಿಯುವ ಸಂದರ್ಭವೇ ತಪ್ಪುತ್ತದೆ. ಹಣದ ಆಸೆಗೆ ಅಪರಿಚಿತರ ಮನಸ್ಸನ್ನು ಅರಿಯಬಲ್ಲವರು, ಪ್ರೀತಿಗಾಗಿ ತಮ್ಮ ಮನೆಯವರ ಮನಸ್ಸನ್ನು ಅರಿಯಲಾರರೇ? ವಾಚಕರು ಇಂದಿನ ಸಂಜೆಯೇ ಪರೀಕ್ಷಿಸಿ ನೋಡಲಿ.