ಮನೆ ಮಾರಾಟವಾದರೆ ಬಾಡಿಗೆದಾರರು ಕೂಡಲೇ ಹೊರಡಬೇಕೇ?

ಹಳೆಯ ಹಂಚಿನ ಮನೆಯೊಂದರಲ್ಲಿ ಹದಿನೈದು ವರ್ಷಗಳಿಂದ ಬಾಡಿಗೆಗಿದ್ದ ದಂಪತಿಗಳು ಕೆಲವು ತಿಂಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ಮನೆಯ ಯಜಮಾನರು ಮುಂಬಯಿಯಿಂದ ಬಂದು ಮನೆ ಮಾರಿ ಹಿಂತಿರುಗಿದ್ದರು. ಕೊಂಡವರು "ಭಾನುವಾರದೊಳಗೆ ಖಾಲಿ ಮಾಡಿ, ಇಲ್ಲವಾದರೆ ಬೀಗ ಹಾಕುತ್ತೇವೆ" ಎಂದಿದ್ದರು. ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. "ಫಾದರ್, ನಾವೀಗ ಎಲ್ಲಿಗೆ ಹೋಗುವುದು?" ಎಂಬುದು ಅವರ ಪ್ರಶ್ನೆ.

ನಮ್ಮ ಕರಾವಳಿಯ ಪಟ್ಟಣಗಳಲ್ಲಿ ಹಳೆಯ ಮನೆಗಳು ಮಾರಾಟವಾಗಿ ವಸತಿ ಸಮುಚ್ಚಯಗಳು ಏಳುತ್ತಿರುವಾಗ ಈ ಪ್ರಶ್ನೆ ಹೊಸದಲ್ಲ. ಆದುದರಿಂದ ಕಾನೂನು ಏನನ್ನುತ್ತದೆ ಎಂಬುದನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಮನೆ ಮಾರಾಟವಾದ ಮಾತ್ರಕ್ಕೆ ಬಾಡಿಗೆ ಸಂಬಂಧ ಮುಗಿಯುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನ ಪ್ರಕಾರ ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ. ಮಾರಾಟದ ವಿಷಯ ತಿಳಿಯದೆ ಹಳೆಯ ಮಾಲೀಕರಿಗೆ ಬಾಡಿಗೆ ಕೊಟ್ಟಿದ್ದರೆ ಅದನ್ನು ಮತ್ತೊಮ್ಮೆ ಕೊಡಬೇಕಾಗಿಲ್ಲ. ವಿಷಯ ತಿಳಿದ ಮೇಲೆ ಮಾತ್ರ ಹೊಸಬರಿಗೇ ಕೊಡಬೇಕು.

ಎರಡನೆಯದಾಗಿ, ನೋಟಿಸು. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಬಾಯಿಮಾತು ಸಾಲದು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ನೋಂದಣಿಯಾಗಿರಬೇಕು. ನಮ್ಮಲ್ಲಿ 11 ತಿಂಗಳ ಕರಾರು ರೂಢಿಗೆ ಬಂದಿರುವುದು ಇದೇ ಕಾರಣದಿಂದ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಹೆಚ್ಚಿನ ರಕ್ಷಣೆ ನೀಡುತ್ತದಾದರೂ ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಮಾತ್ರ. ಕಾಯ್ದೆ ರೂಪುಗೊಂಡಾಗ ಹಾಕಿದ ಮಿತಿ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ.

ಮೂರನೆಯದಾಗಿ, ನೋಟಿಸಿನ ಅವಧಿ ಮುಗಿದರೂ ಮಾಲೀಕರು ತಾವೇ ಸಾಮಾನು ಹೊರಹಾಕುವಂತಿಲ್ಲ. ನ್ಯಾಯಾಲಯದಲ್ಲಿ ದಾವೆ ಹೂಡಿ ಆದೇಶ ಪಡೆಯಬೇಕು. ನೆಲೆನಿಂತು ವಾಸವಿರುವವರನ್ನು ಕಾನೂನಿನ ಮಾರ್ಗದಲ್ಲಲ್ಲದೆ ಹೊರಹಾಕಲಾಗದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟಪಡಿಸಿದೆ. ಬಲವಂತದಿಂದ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನ ಮರಳಿ ಕೇಳಬಹುದು.

ಅತಿ ಹೆಚ್ಚು ಜಗಳವಾಗುವುದು ಅಡ್ವಾನ್ಸ್ ಹಣದ ಬಗ್ಗೆ. ಮಾರಿದವರು "ಕೊಂಡವರನ್ನು ಕೇಳಿ" ಎನ್ನುತ್ತಾರೆ, ಕೊಂಡವರು "ನಮಗೆ ಬಂದಿಲ್ಲ" ಎನ್ನುತ್ತಾರೆ. ಮಾರಾಟದ ಸುದ್ದಿ ಕೇಳಿದ ದಿನವೇ ಹಣ ಯಾರು ಹಿಂದಿರುಗಿಸುವರು ಎಂಬುದನ್ನು ಇಬ್ಬರಿಂದಲೂ ಬರವಣಿಗೆಯಲ್ಲಿ ಪಡೆಯಿರಿ. ಕರಾರುಪತ್ರ, ಬಾಡಿಗೆ ರಶೀದಿ, ವಿದ್ಯುತ್ ಬಿಲ್ಲುಗಳನ್ನು ಜೋಪಾನವಾಗಿಡಿ. ಹೊಸ ಮಾಲೀಕರು ಬಾಡಿಗೆ ಬೇಡವೆಂದರೆ ಬ್ಯಾಂಕ್ ಮೂಲಕ ಕಳುಹಿಸಿ ದಾಖಲೆ ಇಟ್ಟುಕೊಳ್ಳಿ. ಬಾಡಿಗೆ ನಿಲ್ಲಿಸಿದರೆ ನಿಮ್ಮ ಪಕ್ಷವೇ ದುರ್ಬಲವಾಗುತ್ತದೆ.

ಇನ್ನೊಂದು ಮಾತು. ಹನ್ನೆರಡು ವರ್ಷ ಬಾಡಿಗೆಗಿದ್ದರೆ ಮನೆ ನಮ್ಮದಾಗುತ್ತದೆ ಎಂಬ ನಂಬಿಕೆ ತಪ್ಪು. ಬಾಡಿಗೆ ಕೊಡುತ್ತಾ ವಾಸಿಸಿದವರಿಗೆ ಒಡೆತನ ಬರುವುದಿಲ್ಲ. ಕಾನೂನು ಕೊಡುವುದು ಸಮಯವನ್ನು ಮತ್ತು ಮರ್ಯಾದೆಯ ದಾರಿಯನ್ನು.

ವಕೀಲರ ಶುಲ್ಕಕ್ಕೆ ಹೆದರಬೇಕಾಗಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಹಾಗೂ ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತ ನೆರವು ನೀಡುತ್ತದೆ. ಸಹಾಯವಾಣಿ 15100. ವಾರ್ಡಿನ ಗುರಿಕಾರರು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಧರ್ಮಕೇಂದ್ರದ ಕಟ್ಟಡಗಳಲ್ಲಿ ಬಾಡಿಗೆದಾರರಿದ್ದರೆ ಇದೇ ನಿಯಮ ನಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯದಿರೋಣ.

ಆ ದಂಪತಿಗಳು ಪ್ರಾಧಿಕಾರದ ಕಚೇರಿಗೆ ಹೋದರು. ಎರಡೂ ಕಡೆಯವರು ಕುಳಿತು ಮಾತನಾಡಿದ ಮೇಲೆ ಮೂರು ತಿಂಗಳ ಕಾಲಾವಕಾಶ ಬರವಣಿಗೆಯಲ್ಲಿ ದೊರೆಯಿತು, ಅಡ್ವಾನ್ಸ್ ಹಣವೂ ಕೈಸೇರಿತು. ಮನೆ ಉಳಿಯಲಿಲ್ಲ. ಆದರೆ ಮಗಳು ಅದೇ ಮನೆಯಿಂದ ಹೋಗಿ ಪರೀಕ್ಷೆ ಬರೆದಳು.