ಗ್ಯಾಲರಿಯ ಗೋಡೆ, ಮನೆಯ ಖರ್ಚು: ಚಿತ್ರ ಬರೆದು ಬದುಕುವವರ ಲೆಕ್ಕ

ಮಂಗಳೂರಿನಿಂದ ಮಡಿಕೇರಿ ಘಾಟಿ ಹತ್ತಿ ಮೈಸೂರಿಗೆ ಹೋಗುವ ಬಸ್ಸು ಪಿರಿಯಾಪಟ್ಟಣ, ಹುಣಸೂರು ದಾಟಿ ಬಿಳಿಕೆರೆಗೆ ಬರುತ್ತದೆ. ಇಲ್ಲಿಂದ ಒಂದು ರಸ್ತೆ ಕೆ.ಆರ್. ನಗರ, ಹಾಸನದ ಕಡೆಗೆ ತಿರುಗಿದರೆ ಇನ್ನೊಂದು ನೇರ ಮೈಸೂರಿಗೆ. ಆಸ್ಪತ್ರೆ, ಕಾಲೇಜು, ವ್ಯಾಪಾರ, ಮದುವೆಯ ಬಟ್ಟೆ ಅಂತ ನಮ್ಮವರು ಈ ದಾರಿಯಲ್ಲಿ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಇದೇ ಹುಣಸೂರು ರಸ್ತೆ ಮೈಸೂರು ಹೊಕ್ಕ ಮೇಲೆ ಕಲಾಮಂದಿರದ ಮುಂದೆ ಹಾದು ಹೋಗುತ್ತದೆ. ಅದರ ಆವರಣದಲ್ಲಿ ಸುಚಿತ್ರಾ ಕಲಾ ಗ್ಯಾಲರಿ ಇದೆ. ಊರಿನ, ಪರವೂರಿನ ಕಲಾವಿದರು ತಮ್ಮ ಚಿತ್ರಗಳನ್ನು ಅಲ್ಲಿ ತೂಗುಹಾಕುತ್ತಾರೆ. ಇಂಥ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಆದರೂ ಅದರ ಬಾಗಿಲು ದಾಟಿದವರು ನಮ್ಮಲ್ಲಿ ಕಮ್ಮಿ.

ನಮ್ಮ ಮನೆಗಳಲ್ಲಿ ಚಿತ್ರ ಬರೆಯುವ ಮಕ್ಕಳಿಗೆ ಮಾತ್ರ ಕಮ್ಮಿ ಇಲ್ಲ. ಏಳನೇ ಕ್ಲಾಸಿನವರೆಗೆ ಬಹುಮಾನ ತಂದಾಗ ಎಲ್ಲರಿಗೂ ಖುಷಿ. ಹತ್ತನೇ ಕ್ಲಾಸು ಮುಗಿಸಿ 'ನಾನು ಇದನ್ನೇ ಕಲಿಯುತ್ತೇನೆ' ಅಂದ ದಿನ ಉಮ್ಮನ ಮುಖ ಬಾಡುತ್ತದೆ. 'ಚಿತ್ರ ಬರೆದು ಹೊಟ್ಟೆ ತುಂಬುತ್ತದಾ?' ಅನ್ನುವ ಪ್ರಶ್ನೆ ಬರುತ್ತದೆ. ಅದು ತಪ್ಪು ಪ್ರಶ್ನೆಯಲ್ಲ. ಆದರೆ ಅದಕ್ಕೆ ಸರಿಯಾದ ಉತ್ತರ ಹುಡುಕುವ ಮೊದಲೇ ನಾವು ಮಾತು ಮುಗಿಸಿಬಿಡುತ್ತೇವೆ.

ಮೊದಲು ಖರ್ಚಿನ ಕಡೆ ನೋಡೋಣ. ಕ್ಯಾನ್ವಾಸ್, ಬಣ್ಣ, ಬ್ರಶ್ಶು ಕೈಯಿಂದಲೇ ಆಗಬೇಕು. ಆಮೇಲೆ ಫ್ರೇಮು. ಅನೇಕ ಸಲ ಬಣ್ಣಕ್ಕಿಂತ ಫ್ರೇಮಿಗೇ ಹೆಚ್ಚು ಬೀಳುತ್ತದೆ. ಗ್ಯಾಲರಿಗೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ ದಿನ ಗೊತ್ತು ಮಾಡಿಕೊಳ್ಳಬೇಕು, ದಿನದ ಬಾಡಿಗೆ ಇದ್ದರೆ ಕಟ್ಟಬೇಕು. ಚಿತ್ರಗಳನ್ನು ಪೆಟ್ಟು ಬೀಳದಂತೆ ಕಟ್ಟಿ ಟೆಂಪೋದಲ್ಲಿ ತರಬೇಕು. ಆಮಂತ್ರಣ ಪತ್ರಿಕೆ, ಉದ್ಘಾಟನೆಯ ಚಹಾ ಎಲ್ಲವೂ ಅವರದೇ ಲೆಕ್ಕಕ್ಕೆ. ಅದಕ್ಕೇ ಹೊಸಬರು ಮೂರೋ ನಾಲ್ಕೋ ಮಂದಿ ಸೇರಿ ಗುಂಪು ಪ್ರದರ್ಶನ ಮಾಡುತ್ತಾರೆ, ಖರ್ಚು ಹಂಚಿಕೊಳ್ಳುತ್ತಾರೆ. ದೊಡ್ಡ ಊರುಗಳ ಖಾಸಗಿ ಗ್ಯಾಲರಿಗಳಲ್ಲಿ ಚಿತ್ರ ಮಾರಿಹೋದರೆ ಬೆಲೆಯ ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅರ್ಧದಷ್ಟು ಗ್ಯಾಲರಿಯ ಕಮಿಷನ್ನಿಗೇ ಹೋಗುವುದುಂಟು. ಒಂದು ವಾರ ಗೋಡೆಯ ಮೇಲೆ ಇದ್ದು, ನೂರಾರು ಜನ ನೋಡಿ, 'ಚೆನ್ನಾಗಿದೆ' ಅಂತ ಪುಸ್ತಕದಲ್ಲಿ ಬರೆದು, ಒಂದೂ ಮಾರದೆ ವಾಪಸ್ ಬರುವ ಪ್ರದರ್ಶನಗಳೂ ಇವೆ.

ಹಾಗಾದರೆ ಕಲಾವಿದರು ಬದುಕುವುದು ಹೇಗೆ? ನಾವು ಹೆಸರು ಕೇಳಿರುವ ಮೂವರ ಬದುಕು ನೋಡಿದರೆ ಉತ್ತರ ಸಿಗುತ್ತದೆ.

ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಣ್ಣುಮಗಳ ಚಿತ್ರವಿದೆ. ಗ್ಯಾಲರಿಗೆ ಹೋದ ಎಲ್ಲರೂ ಅದರ ಮುಂದೆ ನಿಲ್ಲುತ್ತಾರೆ. ರವಿವರ್ಮನ ಚಿತ್ರ ಅಂತ ತಿಳಿದವರೇ ಜಾಸ್ತಿ. ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್. ಅವರ ಮಗಳು ಗೀತಾ ಅವರೇ ದೀಪ ಹಿಡಿದು ನಿಂತವರು. ಅದು ಜಲವರ್ಣದ ಚಿತ್ರ. ಹಲ್ದಂಕರ್ 1908ರಲ್ಲಿ ಮುಂಬೈಯಲ್ಲಿ ಚಿತ್ರಕಲೆಯ ಶಾಲೆ ತೆರೆದು ಮಕ್ಕಳಿಗೆ ಕಲಿಸಿದವರು. ಲಕ್ಷಾಂತರ ಜನ ನೋಡಿದ ಚಿತ್ರವೊಂದು ಪಾಠ ಹೇಳುತ್ತಿದ್ದ ಮೇಷ್ಟರ ಕೈಯಿಂದ ಬಂದದ್ದು.

ಎರಡನೆಯವರು ನಮ್ಮ ಕರಾವಳಿಯವರೇ, ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತರು, ಅಲ್ಲೇ ಕೆಲವು ವರ್ಷ ಪಾಠ ಮಾಡಿದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂತು.

ಮೂರನೆಯವರು ಯೂಸುಫ್ ಅರಕ್ಕಲ್. 1945ರಲ್ಲಿ ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿದವರು. ತಾಯಿಯ ಕಡೆಯಿಂದ ಕಣ್ಣೂರಿನ ಅರಕ್ಕಲ್ ಮನೆತನದವರು. ಚಿಕ್ಕಂದಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಇನ್ನೂ ಹುಡುಗನಾಗಿದ್ದಾಗಲೇ ಬೆಂಗಳೂರಿಗೆ ಬಂದರು. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದರು. ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಚಿತ್ರಕಲೆ ಕಲಿತರು. ಅವರ ಚಿತ್ರಗಳಲ್ಲಿ ನಗರದ ಬೀದಿಯಲ್ಲಿ ಒಂಟಿಯಾಗಿ ಕೂತವರು, ಮುಖ ಸ್ಪಷ್ಟವಿಲ್ಲದ ಬಡವರು ಮತ್ತೆ ಮತ್ತೆ ಬರುತ್ತಾರೆ. ಆ ಒಂಟಿತನ ಅವರಿಗೆ ಪುಸ್ತಕದಿಂದ ಬಂದದ್ದಲ್ಲ. 1983ರಲ್ಲಿ ರಾಷ್ಟ್ರೀಯ ಪ್ರಶಸ್ತಿ, 2005ರಲ್ಲಿ ಇಟಲಿಯ ಫ್ಲಾರೆನ್ಸ್‌ನ ಕಲಾಮೇಳದಲ್ಲಿ ಚಿನ್ನದ ಪದಕ ಪಡೆದರು. 2016ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಮೂವರಲ್ಲೂ ಒಂದು ಸಮಾನ ಸಂಗತಿ ಇದೆ. ಗ್ಯಾಲರಿಯನ್ನೇ ನಂಬಿ ಮನೆ ನಡೆಸಲು ಹೊರಟವರಲ್ಲ. ಒಬ್ಬರು ಶಾಲೆ ನಡೆಸಿದರು, ಒಬ್ಬರು ಪಾಠ ಹೇಳಿದರು, ಒಬ್ಬರು ಕಾರ್ಖಾನೆಯಲ್ಲಿ ದುಡಿದರು. ಅಕ್ಕಿ ಬೇಳೆ ಆ ಕೆಲಸದಿಂದ ಬಂತು. ಪ್ರದರ್ಶನದಿಂದ ಹೆಸರು ಬಂತು, ಆ ಹೆಸರಿನ ಹಿಂದೆ ನಿಧಾನಕ್ಕೆ ಗಿರಾಕಿ ಬಂದರು. ಇಂದೂ ಲೆಕ್ಕ ಹಾಗೇ ಇದೆ. ಡ್ರಾಯಿಂಗ್ ಮೇಷ್ಟರ ಕೆಲಸ, ಮನೆಪಾಠ, ಪುಸ್ತಕಗಳಿಗೆ ಚಿತ್ರ, ಕಂಪ್ಯೂಟರಿನಲ್ಲಿ ಡಿಸೈನ್, ಗೋಡೆ ಚಿತ್ರ ಹೀಗೆ ಒಂದಲ್ಲ ಒಂದು ಕೆಲಸ ಜೊತೆಗೆ ಇರುತ್ತದೆ. ಅಂಗಡಿ ಬೋರ್ಡು ಬರೆಯುತ್ತಿದ್ದವರ ಅನ್ನವನ್ನು ಫ್ಲೆಕ್ಸ್ ಕಿತ್ತುಕೊಂಡಿತು ನಿಜ. ಆದರೆ ಕೈಕಸುಬು ಇದ್ದವರು ಬೇರೆ ದಾರಿ ಹುಡುಕಿಕೊಂಡರು.

ಇನ್ನೊಂದು ಅಳುಕು ನಮ್ಮ ಮನೆಗಳಲ್ಲಿ ಇದೆ. ಜೀವ ಇರುವವರ ರೂಪ ಬರೆಯಬಹುದೇ ಅನ್ನುವುದು. ಅದನ್ನು ತಿಳಿದ ಉಸ್ತಾದರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು. ಈ ಪುಟದಲ್ಲಿ ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಚಿತ್ರಕಲೆ ಅಂದರೆ ಮುಖ ಬರೆಯುವುದೊಂದೇ ಅಲ್ಲ. ಹುಣಸೂರು ಕಡೆಯ ಹೊಗೆಸೊಪ್ಪಿನ ಬ್ಯಾರನ್ನು, ಕೆರೆ, ರಾಗಿ ಹೊಲ, ನಮ್ಮ ಕಡೆಯ ದೋಣಿ, ಮಳೆ, ಹಂಚಿನ ಮನೆ ಎಲ್ಲವೂ ಚಿತ್ರವೇ. ಅರಬಿ ಅಕ್ಷರಗಳ ಬರವಣಿಗೆಯೇ ಒಂದು ದೊಡ್ಡ ಕಲೆ. ಮೈಸೂರಿನ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಇದೆಯಲ್ಲ, ಅದರ ಗೋಡೆ ತುಂಬ ಚಿತ್ರಗಳೇ. 1780ರ ಪೊಳ್ಳಿಲೂರು ಯುದ್ಧವನ್ನು ಅಲ್ಲಿ ಬಣ್ಣದಲ್ಲಿ ನೋಡಬಹುದು.

ಕಲಿಯುವ ದಾರಿಯೂ ದೂರವಿಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, 'ಕಾವಾ' ಅಂತ ಕರೆಯುವ ಸರಕಾರಿ ಕಾಲೇಜು ಇದೆ. ಒಡೆಯರ ಕಾಲದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೇ ಅದರ ಮೂಲ. ಮಂಗಳೂರಿನಲ್ಲಿ ಮಹಾಲಸಾ ಕಾಲೇಜು ಇದೆ. ಚಿತ್ರ ನೋಡಲು ಬಲ್ಲಾಳ್‌ಬಾಗ್‌ನ ಪ್ರಸಾದ್ ಆರ್ಟ್ ಗ್ಯಾಲರಿ ಇದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರೇ ರಸ್ತೆ ಬದಿ ಕೂತು ನೇರ ಮಾರುತ್ತಾರೆ. ಕಡಿಮೆ ಬೆಲೆಯ ಚಿತ್ರವೂ ಸಿಗುತ್ತದೆ, ಲಕ್ಷದ್ದೂ ಸಿಗುತ್ತದೆ.

ನಮ್ಮ ಸಮುದಾಯ ವ್ಯಾಪಾರ ಬಲ್ಲ ಸಮುದಾಯ. ಬಂಡವಾಳ ಹಾಕಿ ಕಾಯುವುದು ಗೊತ್ತು, ಹೊಸ ಅಂಗಡಿ ಮೊದಲ ಎರಡು ವರ್ಷ ಲಾಭ ಕೊಡದಿದ್ದರೆ ಬಾಗಿಲು ಹಾಕದೆ ತಡೆದುಕೊಳ್ಳುವುದೂ ಗೊತ್ತು. ಮನೆಯ ಮಗನೋ ಮಗಳೋ ಕುಂಚ ಹಿಡಿದಾಗಲೂ ಅದೇ ತಾಳ್ಮೆ ಸಾಕು. ಕಲಿಯಲಿ, ಜೊತೆಗೆ ಅನ್ನ ಕೊಡುವ ಒಂದು ಕೆಲಸವೂ ಇರಲಿ. ಎರಡನ್ನೂ ಮಾಡಬಹುದು ಅಂತ ಮನೆಯಲ್ಲಿ ಒಬ್ಬರಾದರೂ ಹೇಳಬೇಕು.

ಹೊಸ ಮನೆ ಕಟ್ಟಿದಾಗ ಟೈಲ್ಸಿಗೆ, ಸೋಫಾಕ್ಕೆ ನಾವು ಲೆಕ್ಕ ನೋಡುವುದಿಲ್ಲ. ಗೋಡೆಗೆ ಮಾತ್ರ ಅಂಗಡಿಯಲ್ಲಿ ಸಿಗುವ ಪ್ರಿಂಟ್ ತರುತ್ತೇವೆ. ಅದರ ಬದಲು ಊರಿನ ಕಲಾವಿದರೊಬ್ಬರ ಕೈಬರಹದ ಒಂದು ಸಣ್ಣ ಚಿತ್ರ ಕೊಂಡರೆ ಅವರ ಮುಂದಿನ ಪ್ರದರ್ಶನದ ಫ್ರೇಮಿನ ಖರ್ಚಾದರೂ ಹುಟ್ಟುತ್ತದೆ. ಗ್ಯಾಲರಿಗೆ ಹೋದಾಗ ಬೆಲೆ ಕೇಳಲು ನಾಚಿಕೆ ಬೇಡ. ಕಲಾವಿದರು ಕಾಯುತ್ತಿರುವುದು ಆ ಒಂದು ಮಾತಿಗೇ.