ಗಾಳಿಗೆದುರಾಗಿ ಒಬ್ಬಂಟಿ ಸವಾರ

ಬೆಂಗಳೂರಿನಲ್ಲಿ ಹಳೇ ಮದ್ರಾಸು ರಸ್ತೆಯನ್ನೂ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನೂ ಕೂಡಿಸುತ್ತ ಹೊಸ ತಿಪ್ಪಸಂದ್ರದ ಮಗ್ಗುಲಲ್ಲಿ ಹಾದುಹೋಗುವ ದಾರಿಗೆ ಸುರಂಜನ್ ದಾಸ್ ರಸ್ತೆಯೆಂದು ಹೆಸರು. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಈ ನಗರದಲ್ಲಿಯೇ ರೂಪುಗೊಂಡ ‘ಮಾರುತ್’ ಯುದ್ಧವಿಮಾನವನ್ನು 1961ರ ಜೂನ್ 17ರಂದು ಮೊತ್ತಮೊದಲು ಆಕಾಶಕ್ಕೇರಿಸಿದವನೂ, 1970ರ ಜನವರಿಯಲ್ಲಿ ಅದೇ ಜಾತಿಯ ವಿಮಾನವನ್ನು ಪರೀಕ್ಷಿಸುತ್ತಿರುವಾಗ ಪ್ರಾಣವನ್ನರ್ಪಿಸಿದವನೂ ಆದ ವೈಮಾನಿಕನ ಸ್ಮರಣೆಯನ್ನು ಆ ಹೆಸರು ಉಳಿಸಿಕೊಂಡಿದೆ. ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ಆಶ್ರಯದಿಂದಲೂ 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಒಂದು ಕಡೆ, ಕೋಡಿಹಳ್ಳಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಇನ್ನೊಂದು ಕಡೆ, ಸಿ.ವಿ. ರಾಮನ್ ನಗರದ ಎಂಜಿನ್ ಸಂಶೋಧನಾಲಯ ಮತ್ತೊಂದು ಕಡೆ; ಹೀಗೆ ಗಾಳಿಯ ಸ್ವಭಾವವನ್ನು ಅರಿಯುವುದಕ್ಕಾಗಿಯೇ ಆಯುಷ್ಯವನ್ನು ಮುಡಿಪಿಟ್ಟವರ ನೆರೆಹೊರೆಯಲ್ಲಿ ಬೆಳೆದ ಈ ಬಡಾವಣೆಯಲ್ಲಿ, ಅದೇ ಗಾಳಿಯನ್ನು ಎರಡು ಕಾಲುಗಳ ಬಲವೊಂದರಿಂದಲೇ ಸೀಳಿಕೊಂಡು ಹೋಗಬೇಕೆಂಬ ಹಂಬಲದ ಹವ್ಯಾಸಿ ಸವಾರನು ನಸುಕಿನಲ್ಲಿ ಕಾಣಿಸಿಕೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಅವನು ಸಿದ್ಧನಾಗುತ್ತಿರುವ ಸ್ಪರ್ಧೆಗೆ ಟೈಮ್ ಟ್ರಯಲ್ ಎಂದು ಹೆಸರು. ಸೈಕಲ್ ಪಂದ್ಯವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಗುಂಪು, ನೂಕುನುಗ್ಗಲು, ಕೊನೆಯ ಕ್ಷಣದ ಧಾವಂತ, ಇವು ಯಾವುವೂ ಇಲ್ಲಿಲ್ಲ. ಸವಾರರನ್ನು ಒಂದು ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಗೊತ್ತುಪಡಿಸಿದ ದೂರವನ್ನು ಪ್ರತಿಯೊಬ್ಬನೂ ಒಂಟಿಯಾಗಿ ಕ್ರಮಿಸಬೇಕು. ಮುಂದಿನವನ ಬೆನ್ನ ಮರೆಯಲ್ಲಿ ಅವಿತು ಗಾಳಿಯಿಂದ ತಪ್ಪಿಸಿಕೊಳ್ಳುವುದು ನಿಷಿದ್ಧ. ಕಟ್ಟಕಡೆಗೆ ಗಡಿಯಾರವೊಂದೇ ತೀರ್ಪುಗಾರ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ಗುಂಪಾಗಿ ಪಂದ್ಯವೋಡುವುದಕ್ಕೆ ವಿರೋಧ ಬಲವಾಗಿದ್ದ ಕಾಲದಲ್ಲಿ, ಫ್ರೆಡರಿಕ್ ಬಿಡ್ಲೇಕ್ ಎಂಬಾತನು 1895ರಲ್ಲಿ ನಾರ್ತ್ ರೋಡ್ ಸೈಕ್ಲಿಂಗ್ ಕ್ಲಬ್ಬಿನ ಆಶ್ರಯದಲ್ಲಿ ಈ ಏಕಾಂಗಿ ಸ್ಪರ್ಧೆಯನ್ನು ನಡೆಸಿ ಅದಕ್ಕೆ ಒಂದು ಶಾಸ್ತ್ರವನ್ನೇ ಹಾಕಿಕೊಟ್ಟನು. ಪೊಲೀಸರ ಗಮನಕ್ಕೆ ಬೀಳದಂತೆ ಸವಾರರು ಕಂಠದಿಂದ ಪಾದದವರೆಗೆ ಕಪ್ಪುಡುಗೆ ತೊಟ್ಟು ಬೆಳಗಿನ ಜಾವದಲ್ಲಿ ಹೊರಡುತ್ತಿದ್ದರು. ಸ್ಪರ್ಧೆಯ ದಾರಿಗಳನ್ನು ಗುಪ್ತಸಂಕೇತಗಳಿಂದಲೇ ಹೆಸರಿಸುತ್ತಿದ್ದರು. ಇಷ್ಟು ಸಂಕೋಚದಿಂದ ಜನಿಸಿದ ಸ್ಪರ್ಧೆ 1934ರಲ್ಲಿ ಟೂರ್ ಡಿ ಫ್ರಾನ್ಸನ್ನು ಪ್ರವೇಶಿಸಿತು. 1996ರ ಅಟ್ಲಾಂಟ ಒಲಿಂಪಿಕ್ಸಿನಿಂದೀಚೆಗೆ ಒಲಿಂಪಿಕ್ಸಿನಲ್ಲಿಯೂ ಸ್ಥಾನ ಪಡೆದಿದೆ.

ಬೆಂಗಳೂರಿನಲ್ಲಿ ಈ ವಿದ್ಯೆಗೆ ಆಶ್ರಯ ಕೊಟ್ಟದ್ದು ಹವ್ಯಾಸಿಗಳ ಉತ್ಸಾಹವೇ. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್ ಎಂಬ ಸ್ಪರ್ಧಾಮಾಲೆಯಲ್ಲಿ ವೈಯಕ್ತಿಕ ಟೈಮ್ ಟ್ರಯಲ್ಲೂ ನಂದಿಬೆಟ್ಟದ ಏರುದಾರಿಯ ಸ್ಪರ್ಧೆಯೂ ಸೇರಿವೆ. ಎಂಜಿನಿಯರಿಂಗ್ ಓದಿ ಬಂದ ನವೀನ್ ಜಾನ್ ಈ ಹವ್ಯಾಸಿ ಅಂಗಳದಿಂದಲೇ ಮೇಲೆದ್ದು, ಟೈಮ್ ಟ್ರಯಲ್ಲಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಎನಿಸಿ, 2016ರಲ್ಲಿ ದೋಹಾ ನಗರದ ವಿಶ್ವ ಚಾಂಪಿಯನ್‌ಶಿಪ್ಪಿನ ಟೈಮ್ ಟ್ರಯಲ್ಲಿನಲ್ಲಿ ಅರವಿಂದ್ ಪನ್ವಾರರೊಡನೆ ಭಾರತವನ್ನು ಪ್ರತಿನಿಧಿಸಿದರು. ಅತ್ತ ವಿಜಯಪುರ, ಬಾಗಲಕೋಟೆಗಳ ಕಡೆಯ ಹಳ್ಳಿಗಳ ಮಕ್ಕಳು ಸೈಕಲ್ಲನ್ನು ಪದಕದ ಸಾಧನವಾಗಿ ಬಹುಕಾಲದಿಂದ ಆರಾಧಿಸಿಕೊಂಡು ಬಂದಿದ್ದಾರೆ. ಅವರ ಕಥೆ ಪ್ರತ್ಯೇಕವಾದ ಒಂದು ಲೇಖನಕ್ಕೆ ಅರ್ಹವಾದದ್ದು.

ಈ ಸ್ಪರ್ಧೆಗೆ ಅಣಿಯಾಗುವವನು ಮೊದಲು ಮನಗಾಣಬೇಕಾದದ್ದು ತನ್ನ ಎದುರಾಳಿಯ ಸ್ವರೂಪವನ್ನು. ಸಮತಟ್ಟಾದ ದಾರಿಯಲ್ಲಿ ಗಂಟೆಗೆ ನಾಲ್ವತ್ತು ಕಿಲೋಮೀಟರ್ ವೇಗದಿಂದ ಸಾಗುವಾಗ ಸವಾರನನ್ನು ತಡೆಯುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ ಸಮೀಪವಾದದ್ದು ಗಾಳಿಯದು. ಆ ಗಾಳಿಯ ತಡೆಯಲ್ಲಿಯೂ ಮುಕ್ಕಾಲು ಪಾಲು ಸವಾರನ ಶರೀರದ್ದೇ ಹೊರತು ಸೈಕಲ್ಲಿನದಲ್ಲ. ಈ ತಡೆ ವೇಗದ ವರ್ಗವನ್ನು ಅನುಸರಿಸಿ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನವನ್ನು ಅನುಸರಿಸಿ ಏರುತ್ತದೆ. ಮೂವತ್ತರ ವೇಗದಲ್ಲಿ ಹೋಗುತ್ತಿರುವವನು ಮೂವತ್ತಾರಕ್ಕೆ ಏರಬೇಕಾದರೆ, ಅಂದರೆ ಐದರಲ್ಲೊಂದು ಪಾಲು ಮಾತ್ರ ಹೆಚ್ಚಿಸಿಕೊಳ್ಳಬೇಕಾದರೆ, ಗಾಳಿಗೆ ತೆರಬೇಕಾದ ಶಕ್ತಿ ನೂರಕ್ಕೆ ಎಪ್ಪತ್ತಕ್ಕೂ ಮಿಕ್ಕಿ ಹೆಚ್ಚಬೇಕು. ಕಾಲುಗಳನ್ನು ಅಷ್ಟು ಬಲಪಡಿಸುವುದು ವರ್ಷಗಳ ತಪಸ್ಸು. ಗಾಳಿಗೆ ಒಡ್ಡುವ ಎದೆಯನ್ನು ಕಿರಿದುಗೊಳಿಸುವುದು ಕೆಲವು ವಾರಗಳ ಅಭ್ಯಾಸ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನ ಗಾಳಿ ಮಂಗಳೂರಿನದಕ್ಕಿಂತ ನೂರಕ್ಕೆ ಎಂಟೊಂಬತ್ತರಷ್ಟು ವಿರಳವಾಗಿರುವುದೂ ಒಂದು ಅನುಗ್ರಹವೇ. ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ವಿರಳವೆನ್ನುವುದು ನಿಜವಾದರೂ, ಇಲ್ಲಿಯೇ ಬೆಳೆದ ಶ್ವಾಸಕೋಶಗಳಿಗೆ ಅದು ರೂಢಿಯಾಗಿರುತ್ತದೆ.

ಆದ್ದರಿಂದ ಸಿದ್ಧತೆಯೆಲ್ಲವೂ ಸೀಟಿನಿಂದ ಆರಂಭವಾಗತಕ್ಕದ್ದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನಾನಿಸಿ ನಿಂತು, ಒಂದು ದಪ್ಪ ಪುಸ್ತಕದ ಬೆನ್ನನ್ನು ತೊಡೆಸಂದಿಗೆ ಸೀಟಿನಂತೆ ಒತ್ತಿಹಿಡಿದು, ಅಲ್ಲಿಂದ ನೆಲದವರೆಗಿನ ಉದ್ದವನ್ನು ಅಳೆಯಬೇಕು. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಬರುವ ಸಂಖ್ಯೆಯೇ ಪೆಡಲುಗಳ ತೋಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ. ಎಂಬತ್ತು ಸೆಂಟಿಮೀಟರ್ ಕಾಲಿನವನಿಗೆ ಇದು ಎಪ್ಪತ್ತೂವರೆಯಷ್ಟಾಗುತ್ತದೆ. ಫ್ರಾನ್ಸಿನ ತರಬೇತುದಾರರಿಂದ ಬಂದು, ಅಮೆರಿಕದ ಸವಾರ ಗ್ರೆಗ್ ಲೆಮಾಂಡನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರವಿದು. ಸೂತ್ರವು ಆರಂಭಕ್ಕೆ ಮಾತ್ರ ಪ್ರಮಾಣ. ಮುಂದಿನ ತೀರ್ಮಾನ ಮಂಡಿಗೆ ಸೇರಿದ್ದು. ಪೆಡಲು ಕೆಳತುದಿಯಲ್ಲಿರುವಾಗ ಮಂಡಿಯಲ್ಲಿ ಇಪ್ಪತ್ತೈದರಿಂದ ಮೂವತ್ತೈದು ಡಿಗ್ರಿಗಳ ಬಾಗು ಉಳಿದಿರಬೇಕು. ಮಂಡಿಯ ಮುಂಭಾಗ ನೊಂದರೆ ಸೀಟು ತಗ್ಗಾಗಿದೆಯೆಂದೂ, ಹಿಂಭಾಗ ನೊಂದರೆ ಎತ್ತರವಾಗಿದೆಯೆಂದೂ, ಸೊಂಟ ಅತ್ತಿತ್ತ ಓಲಾಡಿದರೆ ಎತ್ತರ ಖಂಡಿತ ಮಿತಿಮೀರಿದೆಯೆಂದೂ ತಿಳಿಯಬಹುದು. ತಿದ್ದುವಾಗ ಒಂದು ಸಲಕ್ಕೆ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಸರಿಸಬಾರದು, ಒಂದನ್ನು ಸರಿಸಿದ ದಿನ ಇನ್ನೊಂದನ್ನು ಮುಟ್ಟಬಾರದು. ಏಕೆಂದರೆ ಎರಡನ್ನು ಒಟ್ಟಿಗೆ ಬದಲಾಯಿಸಿದವನಿಗೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಸೀಟು ನೆಲೆಗೊಂಡ ಮೇಲೆ ಹ್ಯಾಂಡಲ್ಲಿನ ವಿಚಾರ. 1989ರ ಟೂರ್ ಡಿ ಫ್ರಾನ್ಸಿನ ಕಡೆಯ ದಿನ, ವರ್ಸೈಯಿಂದ ಪ್ಯಾರಿಸ್ಸಿನವರೆಗಿನ 24.5 ಕಿಲೋಮೀಟರುಗಳ ಟೈಮ್ ಟ್ರಯಲ್ಲಿಗೆ ಹೊರಡುವಾಗ ಲೆಮಾಂಡನು ಎದುರಾಳಿ ಲೊರಾಂ ಫಿನ್ಯೋನನಿಗಿಂತ 50 ಸೆಕೆಂಡು ಹಿಂದಿದ್ದನು. ಮೊಣಕೈಗಳನ್ನು ಊರಿ ಮುಂಗೈಗಳನ್ನು ಮುಂಚಾಚುವ ಏರೋ ಬಾರುಗಳ ಮೇಲೆ ಮೈಯನ್ನು ಹಾಸಿ ಹೋದ ಅವನು, ಬರಿದಲೆಯಲ್ಲಿ ಜುಟ್ಟನ್ನು ಗಾಳಿಗೆ ಬಿಟ್ಟು ಏರೋ ಬಾರಿಲ್ಲದ ಹ್ಯಾಂಡಲ್ಲನ್ನೇ ಹಿಡಿದು ಬಂದ ಫಿನ್ಯೋನನನ್ನು ಮೂರು ವಾರಗಳ ಆ ಮಹಾಸ್ಪರ್ಧೆಯಲ್ಲಿ ಕೇವಲ 8 ಸೆಕೆಂಡುಗಳಿಂದ ಸೋಲಿಸಿದನು. ಫಿನ್ಯೋನನು ಆಗ ಗಾಯದ ನೋವಿನಿಂದ ಬಳಲುತ್ತಿದ್ದನೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಆದರೂ ಅಂದಿನಿಂದ ಏರೋ ಬಾರಿಲ್ಲದ ಟೈಮ್ ಟ್ರಯಲ್ ಸವಾರನು ಅಪರೂಪವಾದನು. ನಮ್ಮ ಹವ್ಯಾಸಿಯು ಇದಕ್ಕಾಗಿ ಲಕ್ಷಾಂತರ ರೂಪಾಯಿಯ ಟೈಮ್ ಟ್ರಯಲ್ ಬೈಕನ್ನು ಕೊಳ್ಳಬೇಕಾಗಿಲ್ಲ. ಇರುವ ರೋಡ್ ಬೈಕಿನ ಹ್ಯಾಂಡಲ್ಲಿಗೇ ತಗುಲಿಸಿ ಬಿಗಿಯುವ ಬಾರುಗಳು ದೊರೆಯುತ್ತವೆ. ಅವನ್ನು ಬಿಗಿದಾಗ ಮೇಲ್ದೋಳುಗಳು ಭುಜದಿಂದ ಹೆಚ್ಚುಕಡಮೆ ನೇರವಾಗಿ ಕೆಳಗಿಳಿದು, ಮೊಣಕೈ ಲಂಬಕೋನಕ್ಕಿಂತ ತುಸು ತೆರೆದಿದ್ದು, ದೇಹದ ಭಾರವನ್ನು ಸ್ನಾಯುಗಳಿಗಿಂತ ಎಲುಬೇ ಹೊರುವಂತಿರಬೇಕು. ಬೆನ್ನು ತಗ್ಗಿದಂತೆ ತೊಡೆಯು ಹೊಟ್ಟೆಗೆ ಒತ್ತಿ ಉಸಿರು ಕಟ್ಟುವುದರಿಂದ ಸೀಟನ್ನು ಸ್ವಲ್ಪ ಮುಂದಕ್ಕೆ ಸರಿಸುವ ಪದ್ಧತಿಯುಂಟು. ಆದರೆ ಸೀಟನ್ನು ಎಷ್ಟು ಮುಂದಕ್ಕೆ ಸರಿಸಬಹುದೆಂಬುದಕ್ಕೆ ಅಂತರರಾಷ್ಟ್ರೀಯ ನಿಯಮದ ಮಿತಿಯಿರುವುದರಿಂದ, ಸ್ಪರ್ಧೆಯ ನಿಯಮಾವಳಿಯನ್ನು ಮೊದಲೇ ಓದಿಕೊಳ್ಳುವುದು ವಿಹಿತ. ಮೊದಲ ತಿಂಗಳು ಬಾರುಗಳು ಎತ್ತರದಲ್ಲಿಯೇ ಇರಲಿ. ಇಪ್ಪತ್ತು ನಿಮಿಷ ಅಲ್ಲಾಡದೆ ಹಿಡಿಯಬಲ್ಲ ಎತ್ತರದ ಭಂಗಿ, ಐದು ನಿಮಿಷಕ್ಕೆ ಕುತ್ತಿಗೆ ಹಿಡಿದು ಎದ್ದು ಕೂರಬೇಕಾಗುವ ತಗ್ಗಿನ ಭಂಗಿಗಿಂತ ನಿಶ್ಚಯವಾಗಿಯೂ ಮೇಲಾದದ್ದು.

ಖರ್ಚಿನ ಕ್ರಮದ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ: ಕಾಸು ಬೇಡದ ಭಂಗಿ ಮೊದಲು, ಮೈಗೆ ಅಂಟಿದ ಉಡುಪು ಆಮೇಲೆ, ಅನಂತರ ಒಳ್ಳೆಯ ಟೈರು, ಅದರ ಬಳಿಕ ಏರೋ ಬಾರು ಮತ್ತು ಹೆಲ್ಮೆಟ್ಟು, ಕಟ್ಟಕಡೆಗೆ ಕಾರ್ಬನ್ನಿನ ಚಕ್ರಗಳು. ಗಾಳಿಗೆ ಪಟಪಟನೆ ಬಡಿಯುವ ಸಡಿಲ ಅಂಗಿಯೊಂದು ದುಬಾರಿ ಚಕ್ರಗಳ ಉಪಕಾರವನ್ನೆಲ್ಲ ನುಂಗಿಬಿಡಬಲ್ಲದು. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದಷ್ಟೂ ವೇಗ ಹೆಚ್ಚೆಂಬ ನಂಬಿಕೆಯೊಂದಿದೆ. ನುಣುಪಾದ ಮರದ ಟ್ರ್ಯಾಕಿಗೆ ಅದು ಸಲ್ಲಬಹುದಾದರೂ, ತೇಪೆಗಳೇ ರಸ್ತೆಯಾಗಿರುವ ನಮ್ಮ ಕಡೆ ಚಕ್ರ ಪುಟಿದಾಗಲೆಲ್ಲ ಶಕ್ತಿ ಸೋರಿಹೋಗುತ್ತದೆ. ಅರುವತ್ತೈದು ಕಿಲೋ ತೂಕದವನಿಗೆ 28 ಮಿಲಿಮೀಟರ್ ಅಗಲದ ಟೈರಿನಲ್ಲಿ ಎಪ್ಪತ್ತು ಪಿಎಸ್‌ಐ ಆಸುಪಾಸಿನ ಗಾಳಿ ಸಾಕು. ಚೈನನ್ನು ಸೀಮೆಎಣ್ಣೆಯಿಂದ ತೊಳೆದು, ಚೆನ್ನಾಗಿ ಒಣಗಿಸಿ, ಕೊಂಡಿಕೊಂಡಿಗೂ ಒಂದೊಂದೇ ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಒರಸಬೇಕು. ರಿಮ್ಮು ಓರೆಯಾಗಿ ಬ್ರೇಕಿಗೆ ಸವರುತ್ತಿದ್ದರೆ, ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸದ್ದಿನಿಂದಲೇ ಬಿಗಿತವನ್ನು ಗ್ರಹಿಸಿ ಬೆಂಡು ತೆಗೆಯುವ ವಯಸ್ಸಾದ ಮೆಕ್ಯಾನಿಕ್ಕುಗಳು ದಂಡು ಪ್ರದೇಶದ ಗಲ್ಲಿಗಳಲ್ಲಿ ಉಳಿದಿರುವವರೆಗೂ ಅವರ ಕೈಗೇ ಚಕ್ರವನ್ನೊಪ್ಪಿಸುವುದು ಒಳಿತು. ಹಿಂದೆ ಕಾರ್ಖಾನೆಯ ಪಾಳಿಗೆ ಹೋಗುವವರ ಹರ್ಕ್ಯುಲಿಸ್, ರಾಲೆ ಸೈಕಲ್ಲುಗಳನ್ನು ಓಡುವಂತೆ ಇಟ್ಟದ್ದು ಇಂಥ ಕೈಗಳೇ.

ಇನ್ನು ಶರೀರದ ಸಿದ್ಧತೆ. ವಾರದಲ್ಲಿ ಹೆಚ್ಚಿನ ಸವಾರಿ ಮಾತನಾಡುತ್ತ ಹೋಗಬಹುದಾದಷ್ಟು ನಿರಾಯಾಸವಾಗಿರಲಿ. ಒಂದೆರಡು ದಿನ ಮಾತ್ರ, ಎರಡು ಮೂರು ಪದಗಳಿಗಿಂತ ಹೆಚ್ಚು ನುಡಿಯಲಾಗದಷ್ಟು ಬಿರುಸಿನಲ್ಲಿ ಇಪ್ಪತ್ತು ನಿಮಿಷ, ನಡುವೆ ವಿಶ್ರಾಂತಿ, ಮತ್ತೆ ಇಪ್ಪತ್ತು ನಿಮಿಷ. ಇದನ್ನು ಸ್ಪರ್ಧೆಯ ಭಂಗಿಯಲ್ಲಿಯೇ ಮಾಡತಕ್ಕದ್ದು, ಏಕೆಂದರೆ ನೆಟ್ಟಗೆ ಕೂತು ಗಳಿಸಿದ ಶಕ್ತಿಯೆಲ್ಲವೂ ಬಾಗಿ ಮಲಗಿದಾಗ ಕೈಗೆ ಬರುವುದಿಲ್ಲ. ಕಡೆಯ ವಾರ ಪ್ರಮಾಣವನ್ನು ಅರ್ಧಕ್ಕಿಳಿಸಿ ಬಿರುಸನ್ನು ಮಾತ್ರ ಉಳಿಸಿಕೊಳ್ಳಬೇಕು. ಸ್ಪರ್ಧೆಗೆ ಎರಡು ಮೂರು ಗಂಟೆ ಮುಂಚೆ ಇಡ್ಲಿಯೋ ಅವಲಕ್ಕಿಯೋ ಬಾಳೆಹಣ್ಣೋ ಮಿತವಾಗಿ ತಿಂದರಾಯಿತು. ಗಂಟೆಯೊಳಗೆ ಮುಗಿಯುವ ಶ್ರಮಕ್ಕೆ ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಶಕ್ತಿಯೇ ಸಾಲುತ್ತದೆ.

ಸವಾರಿಯ ವಿವೇಕಕ್ಕೆ ಒಂದು ಲೆಕ್ಕವನ್ನು ಗಮನಿಸಬೇಕು. ಇಪ್ಪತ್ತು ಕಿಲೋಮೀಟರ್ ಹೋಗಿ ಅಷ್ಟೇ ದೂರ ಹಿಂದಿರುಗುವ ದಾರಿಯಲ್ಲಿ, ಗಾಳಿ ಬೆನ್ನಿಗಿದ್ದಾಗ ನಾಲ್ವತ್ತರ ವೇಗದಿಂದಲೂ ಎದುರಿಗಿದ್ದಾಗ ಮೂವತ್ತರ ವೇಗದಿಂದಲೂ ಸಾಗಿದವನಿಗೆ ಹೋಗುವಾಗ ಮೂವತ್ತು ನಿಮಿಷ, ಬರುವಾಗ ನಾಲ್ವತ್ತು ನಿಮಿಷ. ಸರಾಸರಿ ವೇಗ ಮೂವತ್ತೈದಾಗದೆ ಮೂವತ್ತನಾಲ್ಕು ಚಿಲ್ಲರೆಗೆ ನಿಲ್ಲುತ್ತದೆ. ಕಷ್ಟದ ಅರ್ಧದಲ್ಲಿ ಕಾಲ ಹೆಚ್ಚು ಕಳೆಯುವುದರಿಂದ, ಉಳಿಸಬಹುದಾದ ಕಾಲವೂ ಅಲ್ಲಿಯೇ ಹೆಚ್ಚು. ಆದಕಾರಣ ಎದುರುಗಾಳಿಯಲ್ಲಿ, ಏರಿನಲ್ಲಿ ಒಂದು ತೂಕ ಹೆಚ್ಚಾಗಿಯೂ, ಬೆನ್ನುಗಾಳಿಯಲ್ಲಿ, ಇಳಿಜಾರಿನಲ್ಲಿ ಒಂದು ತೂಕ ಕಡಮೆಯಾಗಿಯೂ ಪೆಡಲು ತುಳಿಯುವವನು ಜಾಣ. ಹೊರಟ ಮೊದಲ ಐದು ನಿಮಿಷಗಳಲ್ಲಿ ಮನಸ್ಸು ಎಷ್ಟು ಅವಸರಪಡಿಸಿದರೂ ಕಾಲನ್ನು ಹಿಡಿದಿಡಬೇಕು. ಆಗ ಮಿತಿಮೀರಿದ್ದಕ್ಕೆ ಕಡೆಯ ಕಿಲೋಮೀಟರುಗಳು ಬಡ್ಡಿಸಮೇತ ವಸೂಲು ಮಾಡುತ್ತವೆ.

ನಂದಿಬೆಟ್ಟದ ಸ್ಪರ್ಧೆಯ ಗಣಿತ ಬೇರೆ. ಬುಡದಿಂದ 1,478 ಮೀಟರ್ ಎತ್ತರದ ನೆತ್ತಿಯ ಕಡೆಗೆ ತಿರುವುಗಳಲ್ಲಿ ಸುತ್ತಿ ಏರುವ ಏಳೆಂಟು ಕಿಲೋಮೀಟರುಗಳ ಆ ದಾರಿಯಲ್ಲಿ ವೇಗ ಇಳಿಯುವುದರಿಂದ ಗಾಳಿ ಹಿಂದೆ ಸರಿದು ತೂಕ ಮುಂದೆ ಬರುತ್ತದೆ; ಅಲ್ಲಿ ಏರೋ ಬಾರುಗಳು ಹೊರೆಯೇ ಸರಿ.

ಹೊಸ ತಿಪ್ಪಸಂದ್ರದಿಂದ ಹೊರಡುವ ಸವಾರನಲ್ಲಿ ಕಡೆಯದಾಗಿ ಒಂದು ಕಳಕಳಿಯ ವಿನಂತಿಯಿದೆ. ಏರೋ ಬಾರಿನ ಮೇಲೆ ಮಲಗಿದವನ ಕೈ ಬ್ರೇಕಿನಿಂದ ದೂರವಿರುತ್ತದೆ, ಕಣ್ಣು ಹತ್ತಿರದ ನೆಲವನ್ನಷ್ಟೇ ಕಾಣುತ್ತದೆ. ಟಿನ್ ಫ್ಯಾಕ್ಟರಿಯಿಂದ ಕೃಷ್ಣರಾಜಪುರ ದಾಟುವವರೆಗೆ, ಬಸ್ಸು ಲಾರಿಗಳ ನಡುವೆ, ಆ ಭಂಗಿಯನ್ನು ದಯವಿಟ್ಟು ಹಿಡಿಯಬೇಡಿ. ಭಂಗಿಯ ಅಭ್ಯಾಸವೆಲ್ಲ ಮನೆಯೊಳಗೆ ಚಕ್ರವನ್ನು ಸ್ಟ್ಯಾಂಡಿಗೆ ಬಿಗಿದು ನಡೆಯಲಿ. ಬಯಲಿನ ಅಭ್ಯಾಸ ಹೊಸಕೋಟೆಯಿಂದಾಚೆಯ ನಿರ್ಜನ ದಾರಿಗಳಿಗೆ ಮೀಸಲಾಗಿರಲಿ. ಅಲ್ಲಿಗೂ ಒಬ್ಬರೇ ಹೋಗದೆ ಜೊತೆಯೊಬ್ಬರನ್ನು ಕರೆದುಕೊಂಡು, ಹೆಲ್ಮೆಟ್ಟು ಧರಿಸಿ, ಸೂರ್ಯೋದಯವಾದ ಮೇಲೂ ಹಿಂಬದಿಯ ಕೆಂಪು ದೀಪವನ್ನು ಆರಿಸದೆ ಸಾಗಿರಿ.